ಊರ ಗವಿಯನ್ನು ಕಾಯುವುದು ಹೇಗೆ? ಪೊರಕೆ ಹಿಡಿಯುವ ಮೊದಲಿನ ಕೆಲಸಗಳು

ನಾವು ಮೊದಲ ಸಲ ಗವಿ ಕ್ಲೀನ್ ಮಾಡಲು ಹೋದದ್ದು ಮೇ ತಿಂಗಳ ಒಂದು ಭಾನುವಾರ. ಮೂವತ್ತೈದು ನಲವತ್ತು ಜನ. ಎಲ್ಲರ ಕೈಯಲ್ಲೂ ಪೊರಕೆ, ಗೋಣಿಚೀಲ. ಒಬ್ಬ ಪುಣ್ಯಾತ್ಮ ಬ್ಲೂಟೂತ್ ಸ್ಪೀಕರ್ ಬೇರೆ ತಂದಿದ್ದ. ಎರಡು ಗಂಟೆಯಲ್ಲಿ ಹನ್ನೊಂದು ಚೀಲ ಕಸ ಹೊರಗೆ ಬಂತು, ಬ್ಯಾನರ್ ಹಿಡಿದು ಫೋಟೊ ತೆಗೆಸಿಕೊಂಡೆವು, ಉಪ್ಪಿಟ್ಟು ತಿಂದೆವು. ಅಷ್ಟು ಹೊತ್ತಿಗೆ ಒಳಗಿದ್ದ ಬಾವಲಿಗಳೆಲ್ಲ ಗಾಬರಿಯಾಗಿ ಹಗಲಲ್ಲೇ ಹೊರಗೆ ಹಾರಿದ್ದವು. ಕಾಗೆಗಳು ಬಿಡುತ್ತವೆಯೇ? ವಾಪಸ್ ಇಳಿಯುವಾಗ ನೆಲದ ಮೇಲೆ ಒಂದು ಮರಿ ಬಿದ್ದಿತ್ತು. ಹೆಬ್ಬೆರಳಿನಷ್ಟು, ಮೈಮೇಲೆ ಕೂದಲೇ ಇಲ್ಲ, ಇರುವೆ ಮುತ್ತಿದ್ದವು.

ಇನ್ನೊಂದು ಸಾಧನೆಯೂ ಇದೆ. ಗವಿ ಬಾಯಿಯ ಹತ್ತಿರದ ಬಂಡೆಗೆ ಯಾರೋ ಕೆಂಪು ಪೇಂಟಿನಲ್ಲಿ ಹಾರ್ಟ್ ಬಿಡಿಸಿ ಎರಡು ಅಕ್ಷರ ಬರೆದಿದ್ದರು. ತಂತಿ ಬ್ರಷ್ ಹಾಕಿ ಅರ್ಧ ಗಂಟೆ ಉಜ್ಜಿದೆವು. ಪೇಂಟೇನೋ ಹೋಯಿತು, ಜೊತೆಗೆ ಬಂಡೆಯ ಮೇಲಿನ ಕಪ್ಪು ಪದರವೂ ಹೋಯಿತು. ಈಗ ಅದೇ ಹಾರ್ಟು, ಅದೇ ಎರಡು ಅಕ್ಷರ ಬೆಳ್ಳಗೆ ಕಾಣುತ್ತವೆ, ಕೆಳಗಿನ ರಸ್ತೆಯಿಂದಲೇ.

ನಿಮ್ಮ ಊರಲ್ಲಿ ಇಂಥ ಭಾನುವಾರ ಆಗದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ. ಗವಿ ಕಾಯುವ ಕೆಲಸದಲ್ಲಿ ಒಳಗೆ ಹೋಗುವುದು ತೀರಾ ಸ್ವಲ್ಪ, ಅದೂ ಕೊನೆಗೆ. ಜಾಸ್ತಿ ಕೆಲಸ ಇರುವುದು ತಾಲ್ಲೂಕು ಕಚೇರಿಯಲ್ಲಿ, ಶಾಲೆಯಲ್ಲಿ, ಮತ್ತು ಸಂಜೆ ಹೊತ್ತು ಗವಿಯ ಹೊರಗೆ ಸುಮ್ನೆ ಕೂತುಕೊಳ್ಳುವುದರಲ್ಲಿ.

1. ಯಾವ ಕಲ್ಲು, ನೋಡಿ

ನಮ್ಮ ರಾಜ್ಯದಲ್ಲಿ ಗವಿ ಎಂದರೆ ಒಂದೇ ತರಹ ಅಲ್ಲ. ಕೋಲಾರದ ಅಂತರಗಂಗೆ ಬೆಟ್ಟದಲ್ಲಿರುವುದು ಗ್ರಾನೈಟ್ ಗುಂಡುಗಳ ನಡುವಿನ ಸಂದು. ದಕ್ಷಿಣ ಕನ್ನಡದ ನೆಲ್ಲಿತೀರ್ಥದಲ್ಲಿರುವುದು ಮುರಕಲ್ಲಿನ ಗುಹೆ, ಭಕ್ತರು ಬಗ್ಗಿಕೊಂಡು, ತೆವಳಿಕೊಂಡು ಒಳಗೆ ಹೋಗುತ್ತಾರೆ, ಮಳೆಗಾಲದಲ್ಲಿ ಅಲ್ಲಿ ಪ್ರವೇಶ ಇಲ್ಲ. ದಾಂಡೇಲಿ ಹತ್ತಿರದ ಕವಳಾ ಗುಹೆ ಸುಣ್ಣದಕಲ್ಲಿನದು, ನೆಲದಿಂದ ತಾನಾಗಿ ಬೆಳೆದ ಕಂಬವೇ ಅಲ್ಲಿ ಶಿವಲಿಂಗ.

ಕಲ್ಲು ಬೇರೆಯಾದರೆ ಕೆಲಸವೂ ಬೇರೆ. ಸುಣ್ಣದಕಲ್ಲಿನ ಗುಹೆಯನ್ನೇ ತೆಗೆದುಕೊಳ್ಳಿ. ಮಳೆನೀರು ಮಣ್ಣಿನೊಳಗೆ ಇಳಿಯುವಾಗ ಅಲ್ಲಿನ ಇಂಗಾಲದ ಡೈಆಕ್ಸೈಡ್ ಸೇರಿಕೊಂಡು ಸ್ವಲ್ಪ ಹುಳಿಯಾಗುತ್ತದೆ, ಆ ಹುಳಿನೀರು ಕಲ್ಲನ್ನು ಕರಗಿಸಿಕೊಂಡು ಗುಹೆಯ ಚಾವಣಿಗೆ ಬರುತ್ತದೆ, ಅಲ್ಲಿ ಗಾಳಿ ತಾಗಿ ಆ ಅನಿಲ ಹೊರಟುಹೋದಾಗ ಕರಗಿದ ಸುಣ್ಣ ಅಲ್ಲೇ ಕೂರುತ್ತದೆ. ಹನಿ ಹನಿಯಾಗಿ. ಬೆರಳುದ್ದ ಕಡ್ಡಿ ಇಳಿಯಲು ನೂರಾರು ವರ್ಷ ಬೇಕಾಗಬಹುದು. ಅದನ್ನು ನೀವು ಒಮ್ಮೆ ಅಂಗೈಯಲ್ಲಿ ಹಿಡಿದು ನೋಡಿದಿರಿ ಎನ್ನಿ, ಕೈಯ ಜಿಡ್ಡು ಅಂಟಿಕೊಂಡು ಮುಂದಿನ ಪದರ ಸರಿಯಾಗಿ ಕೂರುವುದಿಲ್ಲ, ಬಣ್ಣವೂ ಕೆಡುತ್ತದೆ. ಗ್ರಾನೈಟ್ ಗವಿಯಲ್ಲಿ ಈ ಚಿಂತೆ ಇಲ್ಲ. ಅಲ್ಲಿ ಗುಂಡು ಜಾರುವ ಭಯ, ಅದಕ್ಕಿಂತ ಜಾಸ್ತಿ ಕಲ್ಲುಕ್ವಾರಿಯ ಭಯ. ಮುರಕಲ್ಲಿನಲ್ಲಿ ಮಳೆನೀರು ಇಳಿದಾಗ ಗೋಡೆ, ಚಾವಣಿ ಮೆದುವಾಗಿ ಉದುರುತ್ತವೆ.

2. ಪಹಣಿ ತೆಗೆಸಿ

ಇದು ಬೋರು ಹೊಡೆಸುವ ಹೆಜ್ಜೆ, ಆದರೆ ಇದನ್ನು ಬಿಟ್ಟವರ ಕೆಲಸ ಒಂದು ವರ್ಷ ಉಳಿದದ್ದನ್ನು ನಾನು ನೋಡಿಲ್ಲ. ಗವಿ ಇರುವ ಸರ್ವೆ ನಂಬರ್ ಹುಡುಕಿ, ಪಹಣಿ ನೋಡಿ. ಗೋಮಾಳವೋ, ಮೀಸಲು ಅರಣ್ಯವೋ, ಮುಜರಾಯಿ ದೇವಸ್ಥಾನದ್ದೋ, ಖಾಸಗಿ ಹಿಡುವಳಿಯೋ? ಗ್ರಾಮ ಆಡಳಿತಾಧಿಕಾರಿ ಹತ್ತಿರ ನಕ್ಷೆ ಸಿಗುತ್ತದೆ. ನಮ್ಮ ಗವಿಯ ವಿಷಯದಲ್ಲಿ ಊರವರೆಲ್ಲ ಅರಣ್ಯದ್ದು ಎನ್ನುತ್ತಿದ್ದರು, ಕಡತ ನೋಡಿದರೆ ಗೋಮಾಳ. ಕ್ವಾರಿಗೆ ಅರ್ಜಿ ಬಂದಾಗ ಯಾರ ಬಾಗಿಲು ತಟ್ಟಬೇಕು ಎನ್ನುವುದು ಈ ಒಂದು ಕಾಗದದಿಂದ ಗೊತ್ತಾಗುತ್ತದೆ.

ಅರಣ್ಯದ ಜಾಗವಾದರೆ ವಲಯ ಅರಣ್ಯಾಧಿಕಾರಿಗೆ ಲಿಖಿತ ಅರ್ಜಿ ಕೊಡಿ, ಸ್ವೀಕೃತಿ ಸೀಲು ಹಾಕಿಸಿಕೊಳ್ಳಿ. ಅಭಯಾರಣ್ಯ ಅಥವಾ ಹುಲಿ ಮೀಸಲು ಆದರೆ ಅನುಮತಿ ಇಲ್ಲದೆ ಕಾಲಿಡುವುದೇ ಅಪರಾಧ, ಕಸ ಹೆಕ್ಕಲು ಹೋದೆ ಎಂಬ ಸಬೂಬು ನಡೆಯುವುದಿಲ್ಲ. ಕವಳಾ ಇರುವುದು ಕಾಳಿ ಹುಲಿ ಮೀಸಲಿನಲ್ಲಿ. ಖಾಸಗಿ ಜಮೀನಾದರೆ ಮಾಲೀಕರ ಮನೆಗೆ ಹೋಗಿ ಕೂತು ಮಾತಾಡಿ. ಗವಿ ಕಾಯುವವರು ಎಂದರೆ ಜಮೀನು ಕಿತ್ತುಕೊಳ್ಳುವವರು ಎಂದೇ ಅವರು ಮೊದಲು ಅಂದುಕೊಳ್ಳುತ್ತಾರೆ. ಆ ಭಯ ಹೋಗಲು ಎರಡು ಮೂರು ಕಾಫಿ ಬೇಕು.

ಬಂಡೆ ಚಿತ್ರ, ಶಾಸನ, ಹಳೆ ಕಟ್ಟಡದ ಗುರುತು ಕಂಡರೆ ಪುರಾತತ್ವ ಇಲಾಖೆಗೂ ತಿಳಿಸಿ. ಆನೆಗೊಂದಿ, ಹಿರೇಬೆಣಕಲ್ ಕಡೆ ಕಲ್ಲಾಸರೆಗಳಲ್ಲಿ ಕೆಂಪು ಬಣ್ಣದ ಚಿತ್ರಗಳಿವೆ. ಗೊತ್ತಿಲ್ಲದವರ ಕಣ್ಣಿಗೆ ಅವು ಮಕ್ಕಳ ಗೀಚಾಟದಂತೆಯೇ ಕಾಣುತ್ತವೆ.

3. ಒಳಗೆ ಯಾರಿದ್ದಾರೆ? ಹೊರಗೆ ಕೂತು ಎಣಿಸಿ

ನನ್ನ ಪ್ರಕಾರ ಇದೇ ಮುಖ್ಯ ಹೆಜ್ಜೆ. ಯಾಕೆ ಎಂದು ಹೇಳಲು ಎರಡು ಬಾವಲಿಗಳ ಕಥೆ ಹೇಳಬೇಕು.

ಬೆಳಗಾವಿ ಜಿಲ್ಲೆ ಖಾನಾಪುರ ತಾಲ್ಲೂಕಿನ ತಳೇವಾಡಿ ಹತ್ತಿರ ಬಾರಾಪೇಡೆ ಗುಹೆ ಇದೆ. ಅಲ್ಲಿನ ರಾಟನ್ ಬಾವಲಿಯನ್ನು ವಿಜ್ಞಾನಕ್ಕೆ ಪರಿಚಯಿಸಿದ್ದು 1913ರಲ್ಲಿ. ಮುಂದೆ ಹತ್ತಿರ ಹತ್ತಿರ ತೊಂಬತ್ತು ವರ್ಷ, ಇಡೀ ಜಗತ್ತಿನಲ್ಲಿ ಆ ಬಾವಲಿಯ ನೆಲೆ ಎಂದು ಗೊತ್ತಿದ್ದದ್ದು ಅದೊಂದೇ ಜಾಗ. ಆಮೇಲೆ ಮೇಘಾಲಯದಲ್ಲಿ, ಕಾಂಬೋಡಿಯದಲ್ಲಿ ಕಂಡಿತು. ಬಾರಾಪೇಡೆ ಇರುವ ಭೀಮಗಡ ಅಭಯಾರಣ್ಯದ ಹೆಸರು ಬಂದಾಗಲೆಲ್ಲ ಈ ಬಾವಲಿಯ ಹೆಸರೂ ಬರುತ್ತದೆ.

ಇನ್ನೊಂದು ಕೋಲಾರದ ಎಲೆಮೂಗಿನ ಬಾವಲಿ. 1994ರಲ್ಲಿ ಇದನ್ನು ಹೊಸ ಪ್ರಭೇದ ಎಂದು ದಾಖಲಿಸಿದಾಗ ಕೋಲಾರ ಜಿಲ್ಲೆಯ ಹನುಮನಹಳ್ಳಿ ಮತ್ತು ತೇರಹಳ್ಳಿ ಎರಡು ಕಡೆ ಇತ್ತು. ಮುಂದಿನ ಸಮೀಕ್ಷೆಗಳಲ್ಲಿ ಸಿಕ್ಕಿದ್ದು ಹನುಮನಹಳ್ಳಿಯಲ್ಲಿ ಮಾತ್ರ, ಅದೂ ಇನ್ನೂರಕ್ಕಿಂತ ಕಡಿಮೆ. ಲೋಕದಲ್ಲಿ ಬೇರೆಲ್ಲೂ ಇಲ್ಲ. ಒಂದು ಕಲ್ಯಾಣ ಮಂಟಪದ ಒಂದು ಪಂಕ್ತಿಯಷ್ಟು ಜೀವಗಳು, ಅಷ್ಟೇ. ಅಲ್ಲಿಗೆ ನಮ್ಮ ಹಾಗೆ ಒಂದು ತಂಡ ಮೇ ತಿಂಗಳಲ್ಲಿ ಸ್ಪೀಕರ್ ಹಿಡಿದು ಹೋಗಿದ್ದರೆ?

ಎಣಿಸುವುದು ಕಷ್ಟವೇನಲ್ಲ. ಸೂರ್ಯ ಮುಳುಗುವ ಅರ್ಧ ಗಂಟೆ ಮೊದಲು ಗವಿ ಬಾಯಿಯ ಪಕ್ಕದಲ್ಲಿ ಕೂರಿ, ಎದುರಿಗಲ್ಲ. ಆಕಾಶ ಹಿನ್ನೆಲೆಗೆ ಬರುವ ಹಾಗೆ ಜಾಗ ಹಿಡಿಯಿರಿ, ಆಗ ಹೊರಬರುವ ಒಂದೊಂದೂ ಕಪ್ಪಗೆ ಕಾಣುತ್ತದೆ. ಕೈಯಲ್ಲಿ ಎಣಿಸುವ ಕ್ಲಿಕ್ಕರ್ ಇರಲಿ, ಜಪ ಮಾಡುವವರು ಬೆರಳಿಗೆ ಹಾಕಿಕೊಳ್ಳುತ್ತಾರಲ್ಲ, ಅದೇ ಸಾಕು. ಒಬ್ಬರು ಹೊರಗೆ ಹೋದದ್ದನ್ನು ಒತ್ತಲಿ, ಇನ್ನೊಬ್ಬರು ವಾಪಸ್ ಒಳಗೆ ಹೋದದ್ದನ್ನು. ಕೊನೆಗೆ ಕಳೆಯಿರಿ. ಟಾರ್ಚ್ ಹಾಕಲೇಬೇಕಾದರೆ ಕೆಂಪು ಬೆಳಕು, ಅದೂ ನೆಲಕ್ಕೆ. ಮಾತಿಲ್ಲ, ಬೀಡಿ ಇಲ್ಲ. ಮೂರು ಸಂಜೆ ಎಣಿಸಿ ದೊಡ್ಡ ಸಂಖ್ಯೆಯನ್ನು ಬರೆದುಕೊಳ್ಳಿ, ಜೊತೆಗೆ ದಿನಾಂಕ, ಮೋಡ ಇತ್ತೇ, ಗಾಳಿ ಇತ್ತೇ ಎಂಬುದನ್ನೂ.

ಬಾವಲಿ ಇದ್ದರೆ ತಿಂಗಳು ನೋಡಿಯೇ ಕೆಲಸ. ನಮ್ಮ ಕಡೆಯ ಹುಳ ತಿನ್ನುವ ಬಾವಲಿಗಳಲ್ಲಿ ಹಲವು ಬೇಸಿಗೆಯ ಕೊನೆಗೆ, ಮಳೆಗೆ ಮುಂಚೆ ಮರಿ ಹಾಕುತ್ತವೆ. ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮರಿ. ಹಾಗಾಗಿ ಮಾರ್ಚ್‌ನಿಂದ ಮಳೆಗಾಲ ಮುಗಿಯುವವರೆಗೆ ನಾವು ಒಳಗೆ ಕಾಲಿಡುವುದಿಲ್ಲ. ನಮ್ಮ ಕ್ಲೀನಿಂಗ್ ಈಗ ನವೆಂಬರ್‌ನಲ್ಲಿ, ಎಂಟು ಜನರಿಂದ.

ಇರುವುದು ಬಾವಲಿ ಮಾತ್ರ ಅಂದುಕೊಳ್ಳಬೇಡಿ. ರಾಮನಗರ, ತುಮಕೂರು, ಬಳ್ಳಾರಿ, ಕೊಪ್ಪಳದ ಬಂಡೆ ಗವಿಗಳು ಕರಡಿಯ ಮನೆಗಳೂ ಹೌದು, ಚಿರತೆಯದೂ ಹೌದು. ಗವಿ ಬಾಯಿಯಲ್ಲಿ ಹಣ್ಣಿನ ಬೀಜ ತುಂಬಿದ ಲದ್ದಿ, ಉದ್ದ ಕರಿ ಕೂದಲು, ಉಗುರಿನ ಗೀರು, ಹಸಿ ವಾಸನೆ ಕಂಡರೆ ಮರುಮಾತಿಲ್ಲದೆ ಹಿಂದೆ ಬನ್ನಿ. ಮೇಲೆ ಹೆಜ್ಜೇನು ಕಟ್ಟಿದೆಯೇ ಎಂದು ತಲೆ ಎತ್ತಿ ನೋಡಿ. ಸೆಂಟು ಹಾಕಿಕೊಂಡು ಬಂದವರನ್ನು ಕೆಳಗೇ ಕೂರಿಸಿ.

4. ಒಳಗೆ ಹೋಗಲೇಬೇಕಾದಾಗ

ಕಡಿಮೆ ಎಂದರೆ ನಾಲ್ಕು ಜನ. ಒಬ್ಬನಿಗೆ ಪೆಟ್ಟಾದರೆ ಒಬ್ಬರು ಅವನ ಜೊತೆ ಇರಬೇಕು, ಇಬ್ಬರು ಹೊರಗೆ ಬಂದು ಜನ ಕರೆಯಬೇಕು. ಒಬ್ಬೊಬ್ಬರ ಹತ್ತಿರವೂ ಮೂರು ಬೆಳಕು: ತಲೆಯ ಮೇಲೆ ಒಂದು, ಜೇಬಲ್ಲಿ ಎರಡು, ಬೇರೆ ಸೆಲ್ಲು. ಮೊಬೈಲ್ ಟಾರ್ಚ್ ಲೆಕ್ಕಕ್ಕಿಲ್ಲ. ಹೆಲ್ಮೆಟ್ ಕಡ್ಡಾಯ, ಗಲ್ಲದ ಪಟ್ಟಿ ಇರುವಂಥದ್ದು. ಊರಲ್ಲಿ ಉಳಿದ ಒಬ್ಬರಿಗೆ ವಾಪಸ್ ಬರುವ ಸಮಯ ಹೇಳಿ ಹೋಗಿ, ಆ ಸಮಯ ದಾಟಿ ಒಂದು ಗಂಟೆಯಾದರೂ ಫೋನ್ ಬರದಿದ್ದರೆ ಅವರು 112ಕ್ಕೆ ಕರೆ ಮಾಡಬೇಕು. ಹೊರಗೆ ಬಂದ ಮೇಲೆ ಅವರಿಗೆ ಫೋನ್ ಮಾಡುವುದನ್ನು ಮರೆಯುವವನು ತಂಡಕ್ಕೆಲ್ಲ ಮಸಾಲೆ ದೋಸೆ ಕೊಡಿಸಬೇಕೆಂಬ ನಿಯಮ ನಮ್ಮಲ್ಲಿದೆ. ಅದಾದ ಮೇಲೆ ಯಾರೂ ಮರೆತಿಲ್ಲ.

ಒಣಗಿದ ಬಾವಲಿ ಹಿಕ್ಕೆಯ ಮೇಲೆ ಓಡಾಡಿದರೆ ಧೂಳು ಏಳುತ್ತದೆ. ಅದರಲ್ಲಿ ಹಿಸ್ಟೊಪ್ಲಾಸ್ಮ ಎಂಬ ಶಿಲೀಂಧ್ರ ಇರಬಹುದು, ಉಸಿರಿನ ಜೊತೆ ಹೋದರೆ ಶ್ವಾಸಕೋಶಕ್ಕೆ ತೊಂದರೆ. ಎನ್95 ಮಾಸ್ಕ್ ಹಾಕಿ, ಕರವಸ್ತ್ರ ಸಾಲದು. ಬಾವಲಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಕಚ್ಚಿದರೆ ಸೋಪು ಹಾಕಿ ಹದಿನೈದು ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ.

ಬಟ್ಟೆ, ಬೂಟು ಒಂದು ಗವಿಯಿಂದ ಇನ್ನೊಂದಕ್ಕೆ ತೊಳೆಯದೆ ಒಯ್ಯಬೇಡಿ. 2006ರಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ಒಂದು ಗುಹೆಯಲ್ಲಿ ಬಾವಲಿಗಳ ಮೂಗಿನ ಮೇಲೆ ಬಿಳಿ ಬೂಷ್ಟು ಕಂಡಿತು. ಕೆಲವೇ ವರ್ಷಗಳಲ್ಲಿ ಅದು ಲಕ್ಷಾಂತರ ಬಾವಲಿಗಳನ್ನು ಕೊಂದಿತು. ಆ ಶಿಲೀಂಧ್ರ ಬಾವಲಿಯಿಂದ ಬಾವಲಿಗೆ ಹರಡುತ್ತದೆ ನಿಜ, ಮನುಷ್ಯರ ಬೂಟಿಗೂ ಅಂಟಿಕೊಂಡು ಹೋಗಬಲ್ಲದು. ಅದು ಚಳಿನಿದ್ದೆ ಮಾಡುವ ಬಾವಲಿಗಳ ರೋಗ, ನಮ್ಮ ಬಿಸಿ ಗವಿಗಳಿಗೆ ಅದೇ ಬರುತ್ತದೆ ಎಂದು ಹೆದರಿಸುತ್ತಿಲ್ಲ. ಆದರೂ ಅಲ್ಲಿನವರು ಕಲಿತ ಅಭ್ಯಾಸ ಒಳ್ಳೆಯದು: ಮಣ್ಣು ಉಜ್ಜಿ ತೆಗೆದು, 55 ಡಿಗ್ರಿ ಬಿಸಿನೀರಿನಲ್ಲಿ 20 ನಿಮಿಷ ಮುಳುಗಿಸುವುದು.

5. ಏನು ತೆಗೆಯಬೇಕು, ಏನು ಬಿಡಬೇಕು

ಪ್ಲಾಸ್ಟಿಕ್, ಬಾಟಲಿ ಚೂರು, ಬ್ಯಾಟರಿ, ಊದಿನಕಡ್ಡಿ ಪ್ಯಾಕೆಟ್ಟು ತೆಗೆಯಿರಿ. ಇಷ್ಟು ಸುಲಭ. ಪೊರಕೆ ಮಾತ್ರ ಬೇಡವೇ ಬೇಡ. ಗುಡಿಸಿದರೆ ಹಿಕ್ಕೆ ಹೋಗುತ್ತದೆ, ಹಿಕ್ಕೆಯ ಮೇಲೆ ಬದುಕುವ ಜಿರಲೆ, ಜೇಡ, ಕಣ್ಣಿಗೆ ಕಾಣದ ಹುಳಗಳೂ ಹೋಗುತ್ತವೆ. ಕತ್ತಲಲ್ಲಿ ಹುಲ್ಲು ಬೆಳೆಯುವುದಿಲ್ಲವಲ್ಲ, ಒಳಗಿನವಕ್ಕೆ ಬಾವಲಿ ಹೊರಗಿನಿಂದ ತರುವುದೇ ಊಟ. ಮೂಳೆ, ಮಡಕೆ ಚೂರು, ಹಳೆ ಇದ್ದಿಲು ಕಂಡರೆ ಕೈ ಹಾಕಬೇಡಿ, ಫೋಟೊ ತೆಗೆದು ತಿಳಿದವರಿಗೆ ತೋರಿಸಿ.

ಗೋಡೆ ಬರಹಕ್ಕೆ ಬಂದರೆ, ಮೊದಲು ಅದು ಎಷ್ಟು ಹಳೆಯದು ಎಂದು ಖಚಿತವಾಗಬೇಕು. ಹೊಸದೇ ಎಂದು ಗೊತ್ತಾದ ಮೇಲೂ ಮೂಲೆಯಲ್ಲಿ ಅಂಗೈಯಗಲ ಜಾಗದಲ್ಲಿ ಪರೀಕ್ಷೆ ಮಾಡಿ: ಬರೀ ನೀರು, ಮೆತ್ತನೆಯ ನೈಲಾನ್ ಬ್ರಷ್. ಇದ್ದಿಲು, ಸುಣ್ಣ, ಕುಂಕುಮ ಇಷ್ಟಕ್ಕೇ ಬಿಡುತ್ತವೆ. ಕೆಳಗೆ ಸ್ಪಂಜು ಹಿಡಿದು ಕೊಳೆನೀರನ್ನು ಬಕೆಟ್ಟಿಗೆ ತುಂಬಿಸಿ ಹೊರಗೆ ತನ್ನಿ. ಆಸಿಡ್ ಮುಟ್ಟಲೇಬೇಡಿ, ಸುಣ್ಣದಕಲ್ಲು ಅದರಲ್ಲಿ ಬುಸುಬುಸು ಕರಗುತ್ತದೆ. ಆಯಿಲ್ ಪೇಂಟು ನೀರಿಗೆ ಬಿಡುವುದಿಲ್ಲ. ಅದನ್ನು ಬಿಟ್ಟುಬಿಡಿ, ಶಿಲೆ ಸಂರಕ್ಷಣೆ ಗೊತ್ತಿರುವವರು ಬರುವವರೆಗೆ. ನಮ್ಮ ಹಾರ್ಟಿನ ಕಥೆ ಹೇಳಿದೆನಲ್ಲ.

ಮೇಣದ ಬತ್ತಿ, ಕರ್ಪೂರದ ಮಸಿ ಎಲ್ಲ ಗುಡಿ ಗವಿಗಳ ಸಮಸ್ಯೆ. ಇದನ್ನು ಬ್ರಷ್ಷಿನಿಂದ ಬಗೆಹರಿಸಲು ಆಗುವುದಿಲ್ಲ, ಪೂಜಾರರ ಜೊತೆ ಕೂತು ಬಗೆಹರಿಸಬೇಕು. ಒಳಗೆ ಒಂದೇ ದೀಪ, ಆರತಿ ಹೊರಗೆ ಎಂದು ಒಪ್ಪಿಸಬಹುದು. ಆಜ್ಞೆ ಮಾಡುವ ಧಾಟಿಯಲ್ಲಿ ಹೋದರೆ ಮಾತ್ರ ಕೆಟ್ಟಿತು.

6. ದಾರಿ, ಬೇಲಿ, ಗೇಟು

ಒಳಗೆ ನಡೆಯಲು ಒಂದೇ ದಾರಿ ಗುರುತಿಸಿ. ಎರಡೂ ಬದಿಗೆ ಹಗ್ಗ ಎಳೆದರೆ ಸಾಕು. ತುಳಿದು ಹಾಳಾಗುವುದು ಆ ಎರಡಡಿಯಷ್ಟೇ ಆಗಲಿ. ವಿದ್ಯುತ್ ದೀಪ ಹಾಕಿಸೋಣ ಎಂದು ಯಾರಾದರೂ ಉತ್ಸಾಹದಿಂದ ಬಂದರೆ ಬೇಡವೆನ್ನಿ, ದೀಪದ ಸುತ್ತ ಹಸಿರು ಪಾಚಿ ಹತ್ತುತ್ತದೆ. ಫ್ರಾನ್ಸಿನ ಲಾಸ್ಕೋ ಗುಹೆಯನ್ನು 1948ರಲ್ಲಿ ಜನರಿಗೆ ತೆರೆದು, ಉಸಿರು ಮತ್ತು ಪಾಚಿಯಿಂದ ಚಿತ್ರಗಳು ಹಾಳಾಗುತ್ತಿವೆ ಎಂದು 1963ರಲ್ಲಿ ಮುಚ್ಚಿದರು. ಹದಿನೈದು ವರ್ಷ ಸಾಕಾಯಿತು ನೋಡಿ.

ಗೇಟು ಹಾಕುವ ಮಾತು ಎಲ್ಲ ಸಭೆಯಲ್ಲೂ ಬರುತ್ತದೆ, ದಾನಿಗಳಿಗೆ ಬಹಳ ಇಷ್ಟ, ಹೆಸರು ಕೆತ್ತಿಸಬಹುದಲ್ಲ. ಆದರೆ ತಪ್ಪು ಗೇಟು ಬಾವಲಿಗೆ ಗೋಡೆ ಇದ್ದ ಹಾಗೆ. ಅಮೆರಿಕದಲ್ಲಿ ಬಾವಲಿ ಗೇಟಿನ ಕಂಬಿಗಳನ್ನು ಅಡ್ಡಡ್ಡ ಹಾಕಿ, ಕಂಬಿಯಿಂದ ಕಂಬಿಗೆ ಸುಮಾರು 15 ಸೆಂಟಿಮೀಟರ್ ಬಿಡುತ್ತಾರೆ. ಆ ಅಳತೆ ಅಲ್ಲಿನ ಕೆಲವು ಬಾವಲಿಗಳಿಗೆ ಸರಿ. ಬಾರಾಪೇಡೆಯ ಬಾವಲಿಯ ಬಳಗದ, ಉದ್ದ ರೆಕ್ಕೆಯ, ನೇರ ವೇಗವಾಗಿ ಹಾರುವ ಜಾತಿಗಳು ಯಾವ ಗೇಟನ್ನೂ ಸಹಿಸುವುದಿಲ್ಲ. ಅಂಥ ಕಡೆ ಬಾಯಿಯಿಂದ ದೂರದಲ್ಲಿ ಬೇಲಿ ಹಾಕುವುದೇ ಸರಿ. ಯಾವ ಬಾವಲಿ ಎಂದು ಗೊತ್ತಾಗದೆ ವೆಲ್ಡರ್‌ಗೆ ಅಡ್ವಾನ್ಸ್ ಕೊಡಬೇಡಿ.

7. ಮಕ್ಕಳು ಮತ್ತು ದೊಡ್ಡವರು

ಮಕ್ಕಳನ್ನು ಒಳಗೆ ಕರೆದೊಯ್ಯುವ ಅಗತ್ಯವೇ ಇಲ್ಲ. ಸಂಜೆ ಗವಿ ಬಾಯಿಗೆ ಕರೆತನ್ನಿ, ಎಣಿಸಲು ಕೊಡಿ. ನಾಲ್ಕನೇ ಕ್ಲಾಸಿನ ಹುಡುಗಿಯೊಬ್ಬಳು ನನ್ನ ಲೆಕ್ಕ ತಪ್ಪೆಂದು ಸಾಬೀತು ಮಾಡಿದಳು, ವಾಪಸ್ ಹೋದವನ್ನು ನಾನು ಕಳೆದಿರಲಿಲ್ಲ. ಶಾಲೆಯಲ್ಲಿ ಮಾಡುವುದಾದರೆ ಸೀಮೆಸುಣ್ಣದ ಮೇಲೆ ನಿಂಬೆರಸ ಬಿಟ್ಟು ಗುಳ್ಳೆ ಏಳುವುದನ್ನು ತೋರಿಸಿ, ನಿಜವಾದ ಸುಣ್ಣದಕಲ್ಲಿನ ಚೂರು ಸಿಕ್ಕರೆ ಇನ್ನೂ ಚೆನ್ನ, ಈಗಿನ ಕೆಲವು ಸೀಮೆಸುಣ್ಣ ಜಿಪ್ಸಂನದು, ಗುಳ್ಳೆ ಬಾರದೆ ಮೇಷ್ಟ್ರ ಮಾನ ಹೋಗುತ್ತದೆ.

ದೊಡ್ಡವರದ್ದೇ ಕಷ್ಟ. ಬಾವಲಿ ಎಂದರೆ ಅಪಶಕುನ, ರೋಗ. ಹಣ್ಣು ತಿನ್ನುವ ಬಾವಲಿಗಳನ್ನು ನಮ್ಮ ಕಾನೂನೇ ಬಹಳ ಕಾಲ ಇಲಿ, ಕಾಗೆಯ ಜೊತೆ ಉಪದ್ರವದ ಪಟ್ಟಿಯಲ್ಲಿ ಇಟ್ಟಿತ್ತು, ಆ ಪಟ್ಟಿ ಹೋದದ್ದು 2022ರ ತಿದ್ದುಪಡಿಯಲ್ಲಿ. ಹಾಗಿರುವಾಗ ಅಜ್ಜಿಯನ್ನು ಬೈದು ಏನು ಪ್ರಯೋಜನ? ರೋಗದ ಪ್ರಶ್ನೆಗೆ ಸುಳ್ಳು ಹೇಳಬೇಡಿ: ನಿಪಾ ವೈರಸ್ ಹಣ್ಣಿನ ಬಾವಲಿಗಳಲ್ಲಿ ಇರುತ್ತದೆ, ಕಚ್ಚಿದ ಹಣ್ಣು ತಿನ್ನಬಾರದು, ಅವುಗಳ ಗೂಡಿಗೆ ಹೊಗೆ ಹಾಕಿ ಓಡಿಸಿದರೆ ಅಪಾಯ ಜಾಸ್ತಿಯೇ ಆಗುತ್ತದೆ. ಇಷ್ಟನ್ನು ನೇರವಾಗಿ ಹೇಳಿದ ಮೇಲೆ ಉಳಿದ ಬಾವಲಿಗಳು ರಾತ್ರಿ ಹುಳ ತಿನ್ನುವ ವಿಷಯಕ್ಕೆ ಬನ್ನಿ. ಟೊಮ್ಯಾಟೊ ಬೆಳೆಯುವವರಿಗೆ ಔಷಧಿ ಅಂಗಡಿಯ ಬಿಲ್ಲು ನೆನಪಾಗುತ್ತದೆ, ಕಿವಿ ನಿಮಿರುತ್ತದೆ. ಗೊಬ್ಬರಕ್ಕೆ ಹಿಕ್ಕೆ ತುಂಬುವ ರೈತರಿದ್ದರೆ ತಡೆಯಲು ಹೋಗಬೇಡಿ, ಮರಿ ಇಲ್ಲದ ತಿಂಗಳಲ್ಲಿ ಒಂದು ದಿನ, ಒಂದು ಮೂಲೆಯಿಂದ ಮಾತ್ರ ಎಂದು ಒಪ್ಪಂದ ಮಾಡಿಕೊಳ್ಳಿ.

8. ಕಾಗದದ ಮೇಲೆ ಉಳಿಸುವುದು

ಪ್ರತಿ ಗ್ರಾಮ ಪಂಚಾಯ್ತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕೆಂದು 2002ರ ಜೀವವೈವಿಧ್ಯ ಕಾಯ್ದೆ ಹೇಳುತ್ತದೆ. ಪಿಡಿಒ ಅವರನ್ನು ಕೇಳಿ, ಹಲವು ಕಡೆ ಅದು ಬೋರ್ಡಿನಲ್ಲಿ ಮಾತ್ರ ಇರುತ್ತದೆ. ಆ ಸಮಿತಿಯ ಜನತಾ ಜೀವವೈವಿಧ್ಯ ದಾಖಲಾತಿಯಲ್ಲಿ ನಿಮ್ಮ ಗವಿ, ಸರ್ವೆ ನಂಬರ್, ಎಣಿಕೆ ಸೇರಿಸಿ, ಗ್ರಾಮಸಭೆಯಲ್ಲಿ ಠರಾವು ಮಾಡಿಸಿ. ಇದೇ ಕಾಯ್ದೆಯ 37ನೇ ಸೆಕ್ಷನ್ ಪ್ರಕಾರ ರಾಜ್ಯ ಸರ್ಕಾರ ಸ್ಥಳೀಯ ಸಂಸ್ಥೆಗಳ ಜೊತೆ ಮಾತಾಡಿ ಒಂದು ಜಾಗವನ್ನು ಜೀವವೈವಿಧ್ಯ ಪಾರಂಪರಿಕ ತಾಣ ಎಂದು ಘೋಷಿಸಬಹುದು. ದೇಶದಲ್ಲೇ ಮೊದಲು ಆ ಮಾನ್ಯತೆ ಸಿಕ್ಕಿದ್ದು ದೇವನಹಳ್ಳಿ ಹತ್ತಿರದ ನಲ್ಲೂರಿನ ಹುಣಸೆ ತೋಪಿಗೆ, 2007ರಲ್ಲಿ. ಹುಣಸೆ ಮರಗಳಿಗೆ ಆದದ್ದು ಗವಿಗೂ ಆಗಬಹುದಲ್ವಾ?

ಬೇರೆಯವರು ಹೇಗೆ ನಡೆಸುತ್ತಾರೆ ಎಂಬುದನ್ನೂ ನೋಡಿ. ಅಮೆರಿಕದಲ್ಲಿ 1941ರಲ್ಲಿ ಶುರುವಾದ ಗುಹಾಸಕ್ತರ ರಾಷ್ಟ್ರೀಯ ಸೊಸೈಟಿ ಕೆಲವು ಗುಹೆಗಳ ಜಮೀನನ್ನೇ ಕೊಂಡು, ಸ್ವಯಂಸೇವಕರ ಸಮಿತಿಗಳ ಕೈಗೆ ಕೊಟ್ಟಿದೆ. ಮೇಘಾಲಯದಲ್ಲಿ 1992ರಿಂದ ಸ್ಥಳೀಯರು, ವಿದೇಶಿಯರು ಸೇರಿ ವರ್ಷವರ್ಷವೂ ಟೇಪು, ದಿಕ್ಸೂಚಿ ಹಿಡಿದು ನೂರಾರು ಕಿಲೋಮೀಟರ್ ಗುಹೆಗಳ ನಕ್ಷೆ ಮಾಡಿದ್ದಾರೆ. ನಕ್ಷೆ ಇಲ್ಲದ ಗುಹೆಯನ್ನು ಗಣಿಯವರ ಎದುರು ತೋರಿಸುವುದು ಹೇಗೆ? ನಿಮ್ಮ ಗವಿ ಐವತ್ತಡಿಯದ್ದೇ ಆಗಿರಲಿ, ಅಳೆದು ಬರೆಯಿರಿ. ಆ ನಕ್ಷೆ ಪಂಚಾಯ್ತಿಯಲ್ಲಿರಲಿ, ಲೊಕೇಶನ್ ಮಾತ್ರ ಇನ್‌ಸ್ಟಾಗ್ರಾಮಿಗೆ ಹಾಕಬೇಡಿ, ಮುಂದಿನ ವಾರವೇ ಬೈಕುಗಳು ಬರುತ್ತವೆ.

ವರ್ಷಕ್ಕೊಮ್ಮೆ ಅದೇ ತಿಂಗಳು, ಅದೇ ಐದು ಜಾಗಗಳಲ್ಲಿ ನಿಂತು ಫೋಟೊ ತೆಗೆಯಿರಿ. ನಿಲ್ಲುವ ಜಾಗ ಮರೆಯದಂತೆ ನಕ್ಷೆಯಲ್ಲಿ ಗುರುತು ಹಾಕಿ, ಕಲ್ಲಿನ ಮೇಲಲ್ಲ.

ಇನ್ನು ರಿಜಿಸ್ಟರ್. ಯಾರು, ಎಷ್ಟು ಜನ, ಒಳಗೆ ಹೋದ ಸಮಯ, ಹೊರಬಂದ ಸಮಯ. ನಮ್ಮದನ್ನು ಮೊದಲು ತಂಡದ ಕಾರ್ಯದರ್ಶಿಯ ಮನೆಯಲ್ಲಿ ಇಟ್ಟಿದ್ದೆವು, ಅವರು ಬೆಂಗಳೂರಿಗೆ ಹೋದಾಗ ಪುಸ್ತಕವೂ ಹೋಯಿತು. ಈಗ ಬೆಟ್ಟದ ಬುಡದ ಟೀ ಅಂಗಡಿಯಲ್ಲಿದೆ, ಬನ್ನಿನ ಡಬ್ಬದ ಪಕ್ಕ, ದಾರಕ್ಕೆ ಪೆನ್ನು ಕಟ್ಟಿದೆ. ಅಂಗಡಿಯ ಅಕ್ಕ ಸಹಿ ಹಾಕದೆ ಯಾರನ್ನೂ ಮೇಲೆ ಬಿಡುವುದಿಲ್ಲ, ಕತ್ತಲಾದರೂ ಇಳಿಯದವರಿದ್ದರೆ ಅವರೇ ಮೊದಲು ಫೋನ್ ಮಾಡುತ್ತಾರೆ.